ಹಳೆಯ ಕಾರಿನ ನಿತ್ಯ ಬಳಕೆ: ಮೊದಲ ಖರ್ಚು ಯಾವುದಕ್ಕೆ?

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಮಾಹಿತಿಗಾಗಿ

ತಾಲ್ಲೂಕು ಮಟ್ಟದ ಸಭೆ, ಜಿಲ್ಲಾ ಪಂಚಾಯಿತಿಯ ತರಬೇತಿ, ಕಾಮಗಾರಿ ಸ್ಥಳ ಪರಿಶೀಲನೆ ಎಂದು ತಿಂಗಳಿಗೆ ಹಲವು ಬಾರಿ ಪ್ರಯಾಣ ಮಾಡಬೇಕಾದ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಕಾರುಗಳನ್ನು ಕೊಂಡು ಬಳಸುತ್ತಿದ್ದಾರೆ. ಹತ್ತು ಹದಿನೈದು ವರ್ಷ ಓಡಿದ ಮಾರುತಿ 800, ಆಲ್ಟೊ, ಓಮ್ನಿ, ಇಂಡಿಕಾ ಕಾರುಗಳು ಸಭೆಯ ದಿನ ಕಚೇರಿಯ ಮುಂದೆ ಸಾಲಾಗಿ ನಿಂತಿರುತ್ತವೆ. ಇಂತಹ ಕಾರು ಕೊಂಡವರು ಮೊದಲು ಹಣ ಹಾಕುವುದು ಸಾಮಾನ್ಯವಾಗಿ ಸೀಟಿನ ಹೊದಿಕೆಗೆ, ಮ್ಯೂಸಿಕ್ ಸಿಸ್ಟಂಗೆ, ಬಣ್ಣಕ್ಕೆ. ಕಾರನ್ನು ನಿಲ್ಲಿಸುವ, ರಸ್ತೆಗೆ ಹಿಡಿದಿಡುವ, ರಾತ್ರಿ ದಾರಿ ತೋರಿಸುವ ಭಾಗಗಳ ಸರದಿ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ. ಈ ಕ್ರಮವನ್ನು ಏಕೆ ತಿರುಗಿಸಬೇಕು ಮತ್ತು ಹೇಗೆ ತಿರುಗಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ಕಾರು ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಲೋಹದ ಭಾಗಗಳು ಓಟದಿಂದ ಸವೆಯುತ್ತವೆ ಎಂಬುದು ನಿಜ. ಆದರೆ ರಬ್ಬರ್ ಮತ್ತು ದ್ರವಗಳು ಕಾಲದಿಂದಲೇ ಕೆಡುತ್ತವೆ. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ತಿಂಗಳಿಗೆ 25 ದಿನ ಹೋಗಿ ಬರುವ ಕಾರು 700 ಕಿ.ಮೀ. ಓಡುತ್ತದೆ, ವರ್ಷಕ್ಕೆ 8,400. ವಾರಕ್ಕೊಮ್ಮೆ ಸಭೆಗೆಂದು ಹೊರತೆಗೆಯುವ ಕಾರು ವರ್ಷಕ್ಕೆ 1,500ನ್ನೂ ದಾಟದು. ಆದರೂ ವರ್ಷಾಂತ್ಯಕ್ಕೆ ಎರಡೂ ಕಾರುಗಳ ಟೈರಿಗೆ, ಬ್ರೇಕಿನ ರಬ್ಬರ್ ಪೈಪಿಗೆ, ರೇಡಿಯೇಟರ್ ಹೋಸಿಗೆ ಒಂದೊಂದು ವರ್ಷ ವಯಸ್ಸಾಗಿರುತ್ತದೆ. ನಮ್ಮ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿ ನಿಂತ ಕಾರು ವಿಶ್ರಾಂತಿ ಪಡೆಯುತ್ತಿರುವುದಿಲ್ಲ, ಒಣಗುತ್ತಿರುತ್ತದೆ. 'ಬಹಳ ಕಡಿಮೆ ಓಡಿದೆ' ಎಂಬ ಮಾತನ್ನು ಆದುದರಿಂದ ಅರ್ಧ ಮಾತ್ರ ನಂಬಬೇಕು.

ಮೊದಲ ಖರ್ಚು ಬ್ರೇಕಿಗೆ. ಜನ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಗಾಳಿಯಲ್ಲಿರುವ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ದ್ರವಕ್ಕೆ ಅದೇ ಮಾನದಂಡದ ಮಿತಿ 140 ಡಿಗ್ರಿ ಮಾತ್ರ. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಕುಟುಂಬದವರನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಪದೇ ಪದೇ ಬ್ರೇಕ್ ಒತ್ತಿದರೆ ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದುದರಿಂದ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಕೊಂಡ ಕಾರಿನ ಹಿಂದಿನ ಚರಿತ್ರೆ ತಿಳಿಯದಿದ್ದರೆ ಈ ದ್ರವವನ್ನು ಪೂರ್ತಿ ಹೊರತೆಗೆದು ಬದಲಾಯಿಸಿ, ನಾಲ್ಕೂ ಚಕ್ರಗಳಿಂದ ಗಾಳಿ ತೆಗೆಸಬೇಕು. ಅನಂತರ ಎರಡು ವರ್ಷಕ್ಕೊಮ್ಮೆ ಹಾಗೆ ಮಾಡಿದರೆ ಸಾಕು. ಡಬ್ಬಿಯಲ್ಲಿ ಮಟ್ಟ ಇಳಿದಾಗ ಮೇಲಿಂದ ಸ್ವಲ್ಪ ಸುರಿದು ಮುಚ್ಚುವುದು ದುರಸ್ತಿಯಲ್ಲ. ಮಟ್ಟ ಇಳಿದಿದ್ದರೆ ಒಂದೋ ಪ್ಯಾಡ್‌ಗಳು ಸವೆದಿವೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಮನೆಯ ಮುಂದೆಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಎಂಜಿನ್ ಚಾಲನೆಯಲ್ಲಿರುವಾಗ ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲಿನಡಿ ಅದು ಮೆಲ್ಲಗೆ ಇಳಿಯುತ್ತಾ ಹೋದರೆ ಹೊರಗೆ ಹನಿ ಕಾಣದಿದ್ದರೂ ಮಾಸ್ಟರ್ ಸಿಲಿಂಡರಿನ ಒಳಗೆ ಸೋರಿಕೆ ಇರಬಹುದು. ಹಿಂದಿನ ಚಕ್ರಗಳ ಡ್ರಮ್ಮುಗಳಲ್ಲಿ ಗೀರು ಬಿದ್ದಿದ್ದರೆ ಲೇತಿನಲ್ಲಿ ಕಡೆಸಬಹುದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಂದ ಹೆಸರಾದ ಹರಿಹರದಲ್ಲಿ, ಆ ಕಾರ್ಖಾನೆ ಮುಚ್ಚಿದ ಮೇಲೆಯೂ ಈ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಆದರೆ ಡ್ರಮ್ಮಿನ ಗರಿಷ್ಠ ವ್ಯಾಸಕ್ಕೆ ತಯಾರಕರು ಮಿತಿ ನಿಗದಿಪಡಿಸಿರುತ್ತಾರೆ. ಅದನ್ನು ಮೀರುವಂತಿದ್ದರೆ ಎಷ್ಟೇ ನಯವಾಗಿ ಕಡೆದರೂ ಡ್ರಮ್ ತೆಳುವಾಗಿ ಬೇಗ ಕಾಯುತ್ತದೆ; ಅಂತಹದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬೇಕು.

ಎರಡನೆಯದು ಟೈರು. ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಗಾಡಿ ಆಳ ಇರಬೇಕೆಂಬುದು ನಿಯಮ. ಗಾಡಿಯ ಒಳಗಿರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ಮೇಲ್ಮೈ ಸವೆದಾಗ ಆ ಮಿತಿ ಬಂತೆಂದು ತಿಳಿಯಬೇಕು. ಗಾಡಿ ಚೆನ್ನಾಗಿದ್ದೂ ಪಕ್ಕದಲ್ಲಿ ಬಿರುಕು ಬಿಟ್ಟ ಏಳೆಂಟು ವರ್ಷದ ಟೈರು, ಹೆಚ್ಚು ಓಡದ ಕಾರುಗಳಲ್ಲಿ ಕಾಣುವ ಮೋಸ. ಹೆದ್ದಾರಿ 48ರಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ, ಗಾಳಿ ಕಡಿಮೆಯಿದ್ದು, ಐದು ಜನರನ್ನು ಹೊತ್ತು ಓಡುವಾಗ ಅದು ಸಿಡಿಯುತ್ತದೆ. ಸ್ಟೆಪ್ನಿಯ ವಯಸ್ಸನ್ನೂ ಓದಿ ನೋಡಿ. ಅನೇಕ ಕಾರುಗಳಲ್ಲಿ ಅದು ಕಾರಿನಷ್ಟೇ ಹಳೆಯದು.

ದೀಪಗಳ ವಿಷಯವನ್ನು ಅನುಭವದಿಂದಲೇ ಹೇಳಬೇಕಾಗಿದೆ. ನಾನು ಕೊಂಡ ಹಳೆಯ ಆಲ್ಟೊದ ಹಿಂದಿನ ಮಾಲೀಕರು ಬೆಳಕು ಹೆಚ್ಚಲೆಂದು ಹೆಡ್‌ಲೈಟಿಗೆ 100 ವ್ಯಾಟ್ ಬಲ್ಬುಗಳನ್ನು ಹಾಕಿಸಿದ್ದರು. ನನಗೂ ಅದು ಲಾಭವೆಂದೇ ತೋರಿತ್ತು. ದಾವಣಗೆರೆಯಲ್ಲಿ ಸಭೆ ಮುಗಿಸಿ ರಾತ್ರಿ ಹರಿಹರದ ಕಡೆಗೆ ಬರುತ್ತಿದ್ದಾಗ ಸುಟ್ಟ ವಾಸನೆ ಬಂತು. ಎರಡು ನಿಮಿಷದೊಳಗೆ ಎರಡೂ ದೀಪಗಳು ಒಟ್ಟಿಗೆ ಆರಿದವು. ಹಿಂದೆ ಲಾರಿ, ಮುಂದೆ ಕತ್ತಲು. ಪಾರ್ಕಿಂಗ್ ದೀಪದ ಬೆಳಕಿನಲ್ಲಿ ಹೇಗೋ ಬದಿಗೆ ತಂದು ನಿಲ್ಲಿಸಿದೆ. ಮರುದಿನ ಬಿಚ್ಚಿ ನೋಡಿದರೆ ಸ್ಟಿಯರಿಂಗ್ ಕೆಳಗಿನ ಸ್ವಿಚ್ಚು ಕರಗಿತ್ತು.

ಕಾರಣ ಸರಳವಾದ ಲೆಕ್ಕ. 12 ವೋಲ್ಟಿನಲ್ಲಿ 60 ವ್ಯಾಟಿನ ಎರಡು ಬಲ್ಬುಗಳು 10 ಆಂಪಿಯರ್ ವಿದ್ಯುತ್ ಎಳೆಯುತ್ತವೆ. 100 ವ್ಯಾಟಿನ ಎರಡು ಸುಮಾರು 16.7 ಆಂಪಿಯರ್. ತಂತಿಯಲ್ಲಿ ಹುಟ್ಟುವ ಬಿಸಿಯು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತಂತಿ, ಅದೇ ಸ್ವಿಚ್ಚು ಮೊದಲಿನ 2.8ರಷ್ಟು ಪಟ್ಟು ಬಿಸಿಯನ್ನು ತಾಳಬೇಕು. ಅಷ್ಟಾದರೂ ಎದುರಿನ ಬೈಕ್ ಸವಾರರ ಕಣ್ಣಿಗೆ ಹೊಡೆಯುವ ಬೆಳಕೇ ಹೆಚ್ಚು. ಸರಿಯಾದ ಸುಧಾರಣೆ ಬೇರೆ ಇದೆ: ಬಲ್ಬು ಮೊದಲಿನ 60/55 ವ್ಯಾಟಿನದೇ ಇರಲಿ, ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಹಿತ ದಪ್ಪ ತಂತಿ ಎಳೆಸಿ, ಡಿಮ್ಮಿಗೊಂದು ಡಿಪ್ಪಿಗೊಂದು ರಿಲೇ ಹಾಕಿಸಿ. ಆಗ ಸ್ವಿಚ್ಚು ರಿಲೇಗೆ ಸೂಚನೆ ಕೊಡುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಹಳೆಯ ತಂತಿಯಲ್ಲಿ ನಷ್ಟವಾಗುತ್ತಿದ್ದ ವೋಲ್ಟೇಜ್ ಬಲ್ಬಿಗೆ ಸಿಕ್ಕಿ ಬೆಳಕು ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಮಾಸಿದ ಗಾಜನ್ನು ಪಾಲಿಶ್ ಮಾಡಿಸಿದರೆ ಇನ್ನೂ ಉತ್ತಮ. ಹಳೆಯ ಕಾರಿಗೆ ಮಾಡಬಹುದಾದ ಅಗ್ಗದ ಸುಧಾರಣೆಗಳಲ್ಲಿ ಇದನ್ನೇ ನಾನು ಮೊದಲಿಗೆ ಇಡುತ್ತೇನೆ.

ಎಂಜಿನ್ನಿನ ವಿಷಯದಲ್ಲಿ ಗ್ಯಾರೇಜಿನವರು ಹೇಳುವುದು ನಿಮಗೆ ತಿಳಿದೇ ಇರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಎರಡು ಮಾತು ಮಾತ್ರ. ರೇಡಿಯೇಟರಿಗೆ ಕೊಳವೆಬಾವಿಯ ನೀರು ಹಾಕಬೇಡಿ. ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಗಾರೆಯೇ ಅದರ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಕೂಲೆಂಟನ್ನು ಭಟ್ಟಿ ಇಳಿಸಿದ ನೀರಿನೊಂದಿಗೆ ಬೆರೆಸಿ ಬಳಸಬೇಕು. ಮಾರುತಿ 800 ಮತ್ತು ಆಲ್ಟೊದ 796 ಸಿ.ಸಿ. ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ರಬ್ಬರಿನದು. ಅದನ್ನು ಯಾವಾಗ ಬದಲಾಯಿಸಿದ್ದು ಎಂದು ಹಿಂದಿನ ಮಾಲೀಕರು ಹೇಳಲಾರದೆ ಹೋದರೆ ಬದಲಾಯಿಸಿಲ್ಲವೆಂದೇ ಭಾವಿಸಿ. ಮೆಕ್ಕೆಜೋಳವನ್ನು ರಸ್ತೆಯ ಮೇಲೆ ಒಣಹಾಕುವ ತಿಂಗಳುಗಳಲ್ಲಿ ಏರ್ ಫಿಲ್ಟರನ್ನು ಇನ್ನೂ ಬೇಗ ನೋಡಬೇಕು. ಕಾಳಿನ ಚೀಲಗಳ ಪಕ್ಕದಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ತಂತಿಗಳನ್ನೂ ಹುಡುಕಬೇಕಾಗುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದು ಸದಸ್ಯರು ಪದೇ ಪದೇ ಕೇಳುವ ವಿಷಯ. ನಮ್ಮ ಜಿಲ್ಲೆಯ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲಿಯೂ ಎಥನಾಲ್ ತಯಾರಾಗುತ್ತದೆ. ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲವಿದೆ. ಹಳೆಯ ಕಾರಿನ ಮಾಲೀಕರು ತಿಳಿದಿರಬೇಕಾದದ್ದು ಇಷ್ಟು: ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುವುದರಿಂದ, ಐದರಲ್ಲಿ ಒಂದು ಭಾಗ ಬೆರೆಸಿದರೆ ಮೈಲೇಜ್ ಶೇಕಡ 6ರಿಂದ 7ರಷ್ಟು ಇಳಿಯಬಹುದು. ಎಂಜಿನ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಹಳೆಯ ರಬ್ಬರ್ ಪೈಪುಗಳ ಮಾತು ಬೇರೆ. ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಪೈಪು, ವಾಷರ್‌ಗಳು ಉಬ್ಬಿವೆಯೇ, ಬಿರಿದಿವೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಿ ಎಥನಾಲ್ ತಾಳುವ ಪೈಪು ಹಾಕಿಸಬೇಕು. ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಅಂದೇ.

ಇಷ್ಟೆಲ್ಲ ಆದ ಮೇಲೆ ಉಳಿದ ಹಣದಲ್ಲಿ ಸೀಟಿನ ಹೊದಿಕೆ ಧಾರಾಳವಾಗಿ ಹಾಕಿಸಬಹುದು. ಆದರೆ ಅದರಡಿಯಲ್ಲಿ ಹಿಂದಿನ ಸೀಟಿನ ಬೆಲ್ಟ್‌ಗಳು ಹೂತುಹೋಗದಂತೆ ನೋಡಿಕೊಳ್ಳಿ. ಎಬಿಎಸ್ ಮತ್ತು ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ; ಅದಕ್ಕಿಂತ ಹಿಂದಿನ ಅನೇಕ ಕಾರುಗಳಲ್ಲಿ ಪ್ರಯಾಣಿಕರಿಗೆ ಇರುವ ರಕ್ಷಣೆ ಆ ಬೆಲ್ಟ್ ಒಂದೇ. ಅದನ್ನು ಪೂರ್ತಿ ಹೊರಗೆಳೆದು ನೋಡಿದರೆ ಇನ್ನೊಂದು ಉಪಯೋಗವೂ ಇದೆ: ಒಳಭಾಗದಲ್ಲಿ ಕೆಸರಿನ ಗೆರೆ ಕಂಡರೆ ಆ ಕಾರು ಎಂದೋ ನೆರೆಯಲ್ಲಿ ಮುಳುಗಿದ್ದಿರಬಹುದು. ಮುಂಭಾಗದ ಕಬ್ಬಿಣದ ಗಾರ್ಡ್‌ಗಳನ್ನು ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ನಿಯಮಬಾಹಿರವೆಂದು ತಿಳಿಸಿದೆ. ನೋಂದಣಿ ಫಲಕದ ಮೇಲೆ ಅಧ್ಯಕ್ಷರು, ಸದಸ್ಯರು ಎಂದು ಬರೆಸುವುದಕ್ಕೂ ಅವಕಾಶವಿಲ್ಲ. ಇದನ್ನು ನಮ್ಮವರಿಗೆ ನಾವೇ ಹೇಳಬೇಕಾಗಿದೆ. ಓಮ್ನಿಗಳಿಗೆ ಅಡುಗೆ ಅನಿಲದ ಸಿಲಿಂಡರ್ ಜೋಡಿಸುವುದು ಅಪರಾಧ ಮಾತ್ರವಲ್ಲ, ಮಕ್ಕಳನ್ನು ಬೆಂಕಿಯ ಪಕ್ಕದಲ್ಲಿ ಕೂರಿಸಿದಂತೆ. ಅನಿಲ ಬೇಕೆಂದರೆ ಅನುಮೋದಿತ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳತಕ್ಕದ್ದು.

ಕಾರಿನಿಂದ ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವುದು ಅನೇಕ ಊರುಗಳಲ್ಲಿ ನಡೆಯುತ್ತಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಇದು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ತಮ್ಮ ವ್ಯಾಪ್ತಿಯ ಗ್ಯಾರೇಜುಗಳಲ್ಲಿ ಅದಕ್ಕೊಂದು ಡ್ರಮ್ ಇದೆಯೇ ಎಂದು ಸದಸ್ಯರು ವಿಚಾರಿಸಬಹುದು.

ದಾಖಲೆಗಳ ಬಗ್ಗೆ: ಹಳೆಯ ಕಾರು ಕೊಂಡೊಡನೆ ನಮೂನೆ 29 ಮತ್ತು 30ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಕೊಡಬೇಕು, ವಿಮೆಯನ್ನು 14 ದಿನಗಳೊಳಗೆ ಬದಲಾಯಿಸಿಕೊಳ್ಳಬೇಕು. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿರುವುದರಿಂದ ಕಾರು ಮಾರಿದವರೂ ಇದನ್ನು ಬೆನ್ನುಹತ್ತಿ ಮಾಡಿಸುವುದು ಕ್ಷೇಮ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಾಹನ ತೋರಿಸಿ, ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಇದರ ಶುಲ್ಕ ಕಾರಿಗೆ 5,000 ರೂಪಾಯಿ. 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಹದಿನಾಲ್ಕು ವರ್ಷದ ಕಾರನ್ನು ಅಗ್ಗವೆಂದು ಕೊಳ್ಳುವವರು ಈ ಮೊತ್ತವನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು.

ಪಂಚಾಯಿತಿಯ ಹೆಸರಿನಲ್ಲಿರುವ ವಾಹನಗಳಿಗೆ ಈ ನವೀಕರಣದ ಸೌಲಭ್ಯವಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸರ್ಕಾರ, ನಗರಸಭೆ, ಪಂಚಾಯಿತಿಗಳ ವಾಹನಗಳ ನೋಂದಣಿ 15 ವರ್ಷಕ್ಕೆ ತಾನಾಗಿಯೇ ರದ್ದಾಗುತ್ತದೆ. ವಾಹನ ಎಷ್ಟೇ ಸುಸ್ಥಿತಿಯಲ್ಲಿದ್ದರೂ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಬೇಕು. ಆದುದರಿಂದ ತಮ್ಮ ಪಂಚಾಯಿತಿಯ ವಾಹನದ ಆರ್‌ಸಿಯಲ್ಲಿರುವ ನೋಂದಣಿ ದಿನಾಂಕವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ, 13 ವರ್ಷ ದಾಟಿದ್ದರೆ ಬದಲಿ ವಾಹನದ ವೆಚ್ಚವನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಯ ಚರ್ಚೆಗೆ ಸೇರಿಸಿಕೊಳ್ಳಲು ಕೋರಿದೆ.