ಪೆಟ್ರೋಲ್ ಬಂಕಿನಲ್ಲಿ ಕೊಯಮತ್ತೂರಿನ ಹುಲ್ಲು



ಈ ಸಲ ಪೆಟ್ರೋಲ್ ಬಂಕಿಗೆ ಹೋದಾಗ ಪಂಪಿನ ಮೇಲೆ ಸ್ವಲ್ಪ ಕಣ್ಣಾಡಿಸಿ. ‘ಇ20’ ಎಂಬ ಚೀಟಿ ಕಾಣಬಹುದು. ಅಂದ್ರೆ ಆ ಪೆಟ್ರೋಲಿನ ನೂರು ಭಾಗದಲ್ಲಿ ಇಪ್ಪತ್ತು ಭಾಗ ಎಥನಾಲ್. ನಮ್ಮ ದೇಶದಲ್ಲಿ 2022ರಲ್ಲಿ ಶೇಕಡ 10 ಇದ್ದ ಈ ಮಿಶ್ರಣ 2025ರಲ್ಲಿ ಶೇಕಡ 20 ಮುಟ್ಟಿತು. ಪೆಟ್ರೋಲ್ ನೆಲದಾಳದಿಂದ ಬಂತು, ಸರಿ. ಎಥನಾಲ್ ಎಲ್ಲಿಂದ ಬಂತು? ಹೊಲದಿಂದ. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ಅಕ್ಕಿ – ಇವನ್ನು ಹುದುಗಿಸಿ ಅದನ್ನು ತಯಾರಿಸುತ್ತಾರೆ.

ಕಬ್ಬು ಬೆಳೆಯುವವರು ನಿಮ್ಮ ಮನೆಯಲ್ಲಿ ಇದ್ದರೆ ಅವರನ್ನು ಒಂದು ಮಾತು ಕೇಳಿ: “ನಮ್ಮದು ಯಾವ ತಳಿ?” ಮಂಡ್ಯದ ಕಡೆ ‘ಕೋ 62175’ ಅನ್ನಬಹುದು. ಬೇರೆ ಕಡೆ ‘ಕೋ 86032’ ಅನ್ನಬಹುದು. ಈ ‘ಕೋ’ ಅಂದ್ರೆ ಏನು ಗೊತ್ತಾ? ಕೊಯಮತ್ತೂರು! ನೂರು ವರ್ಷಕ್ಕೂ ಹಿಂದೆ ಆ ಊರಿನಲ್ಲಿ ನಡೆದ ಒಂದು ಸಂಕರಣದ ಕಥೆ ಇವತ್ತು ನಿಮ್ಮ ಬಂಕಿನವರೆಗೂ ಬಂದಿದೆ.

ಕೊಯಮತ್ತೂರೇ ಯಾಕೆ?

ಕೊಯಮತ್ತೂರು ನಮಗೆ ಪರ ಊರೇನಲ್ಲ. 1956ರ ನವೆಂಬರ್ 1ರವರೆಗೂ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಇಂದಿಗೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ನೇಕಾರ, ಒಕ್ಕಲು ಮನೆತನಗಳಿವೆ.

1912ರಲ್ಲಿ ಅಲ್ಲಿ ಕಬ್ಬಿನ ತಳಿ ಅಭಿವೃದ್ಧಿ ಕೇಂದ್ರ ಶುರುವಾಯಿತು. ಈಗ ಅದರ ಹೆಸರು ಕಬ್ಬು ತಳಿ ಸಂವರ್ಧನಾ ಸಂಸ್ಥೆ. ಆಗ ಭಾರತಕ್ಕೆ ಜಾವಾದಿಂದ ಸಕ್ಕರೆ ಬರುತ್ತಿತ್ತು. ದಕ್ಷಿಣದ ದಪ್ಪ ಕಬ್ಬು ಉತ್ತರದ ಚಳಿ ತಾಳುತ್ತಿರಲಿಲ್ಲ. ಉತ್ತರದ ತೆಳು ಕಬ್ಬು ಚಳಿ ತಾಳಿದರೂ ಇಳುವರಿ ಕಡಿಮೆ. ಹೊಸ ತಳಿ ಬೇಕಿತ್ತು.

ರೈತರು ಕಬ್ಬನ್ನು ಬೀಜದಿಂದ ಬೆಳೆಸುವುದಿಲ್ಲ, ಕಣ್ಣಿರುವ ತುಂಡು ನೆಟ್ಟು ಬೆಳೆಸುತ್ತಾರೆ. ಹಾಗಾಗಿ ಮಗಳು ಕಬ್ಬು ತಾಯಿಯ ತದ್ರೂಪು. ತದ್ರೂಪಿನಲ್ಲಿ ಹೊಸ ಗುಣ ಹುಟ್ಟುವುದು ಅಪರೂಪ. ಹೊಸತು ಬೇಕಾದರೆ ಹೂವು ಬೇಕು, ಪರಾಗಸ್ಪರ್ಶ ಬೇಕು, ಬೀಜ ಬೇಕು. ಕಬ್ಬಿನ ಹೂಗೊಂಚಲಿಗೆ ನಮ್ಮ ರೈತರು ಸೂಲಂಗಿ ಅನ್ನುತ್ತಾರೆ. ಕೊಯಮತ್ತೂರಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಸೂಲಂಗಿ ಬಿಟ್ಟು, ಮೊಳೆಯುವ ಬೀಜ ಕಟ್ಟುತ್ತದೆ. ಅದಕ್ಕೇ ಆ ಊರು.

80 + 32 = 112

ಸಂಸ್ಥೆಯ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಒಂದು ಧೈರ್ಯದ ಕೆಲಸ ಮಾಡಿದರು. ‘ವೆಳ್ಳೈ’ ಎಂಬ ಸಿಹಿಯಾದ ದಪ್ಪ ಕಬ್ಬನ್ನು ತಾಯಿ ಮಾಡಿದರು. ತಂದೆಯಾಗಿ ಆರಿಸಿದ್ದು ಕೊಯಮತ್ತೂರಿನ ಸುತ್ತ ತಾನಾಗಿ ಬೆಳೆಯುವ ಕಾಡು ಕಬ್ಬನ್ನು. ಅದರಲ್ಲಿ ಸಿಹಿ ಇಲ್ಲ, ರಸ ಇಲ್ಲ. ನೋಡಿದರೆ ಬರೀ ಹುಲ್ಲು. ಆದರೆ ಅದು ಬರ, ಚಳಿ, ರೋಗ ಎಲ್ಲವನ್ನೂ ತಡೆದುಕೊಳ್ಳುತ್ತಿತ್ತು. ಇವೆರಡರ ಸಂತತಿಯೇ ‘ಕೋ 205’. 1918ರಲ್ಲಿ ಅದು ಪಂಜಾಬಿನ ರೈತರಿಗೆ ಸಿಕ್ಕಿತು.

ಇಲ್ಲೊಂದು ಲೆಕ್ಕ ಇದೆ. ವೆಳ್ಳೈ ಕಬ್ಬಿನ ಜೀವಕೋಶದಲ್ಲಿ 80 ವರ್ಣತಂತು, ಆ ಕಾಡು ಕಬ್ಬಿನಲ್ಲಿ 64. ಲಿಂಗಾಣು ಉಂಟಾಗುವಾಗ ವರ್ಣತಂತುಗಳ ಸಂಖ್ಯೆ ಅರ್ಧವಾಗುತ್ತದೆ ಎಂದು ನೀವು ಓದಿದ್ದೀರಿ. ಹಾಗಾದರೆ ಮರಿಯಲ್ಲಿ ಎಷ್ಟಿರಬೇಕು? 40 + 32 = 72. ಆದರೆ ಕೋ 205ರಲ್ಲಿ ಇದ್ದದ್ದು 112! ತಂದೆ ನಿಯಮದಂತೆ 32 ಕೊಟ್ಟಿತ್ತು. ತಾಯಿ ಅರ್ಧ ಮಾಡದೆ 80ನ್ನೂ ಕೊಟ್ಟಿತ್ತು. ಸಿಹಿ ಕಬ್ಬು ಮತ್ತು ಕಾಡು ಕಬ್ಬಿನ ಸಂಕರಣದಲ್ಲಿ ಹೀಗಾಗುವುದುಂಟು. ತಾಯಿಯ ಸಿಹಿಯ ಗುಣ ಹೆಚ್ಚು ಉಳಿದುಕೊಳ್ಳಲು ಇದೂ ನೆರವಾಯಿತು.

1934ರಲ್ಲಿ ಈ ಸಂಸ್ಥೆಗೆ ಬಂದ ಜಾನಕಿ ಅಮ್ಮಾಳ್ ಈ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿ ಅಧ್ಯಯನ ಮಾಡಿದವರು. ಕಬ್ಬನ್ನು ಮೆಕ್ಕೆಜೋಳದಂಥ ದೂರದ ಬಂಧುವಿನೊಂದಿಗೂ ಅವರು ಸಂಕರಿಸಿ ನೋಡಿದರು. ಹೆಣ್ಣುಮಕ್ಕಳು ವಿಜ್ಞಾನ ಕಲಿಯುವುದೇ ಅಪರೂಪವಾಗಿದ್ದ ಕಾಲ ಅದು, ನೆನಪಿಡಿ.

ರಸದಿಂದ ಇಂಧನ

ಎಲ್ಲ ಹಸಿರು ಗಿಡವೂ ಬಿಸಿಲು ಹಿಡಿಯುತ್ತದೆ. ಕಬ್ಬು ಅದರಲ್ಲಿ ಜಾಣ. 1965ರಲ್ಲಿ ಹವಾಯಿಯ ವಿಜ್ಞಾನಿಗಳು, 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯನ್ನೇ ಪರೀಕ್ಷಿಸಿ ದ್ಯುತಿಸಂಶ್ಲೇಷಣೆಯ ಇನ್ನೊಂದು ದಾರಿಯನ್ನು ತಿಳಿಸಿದರು. ಅದೇ ‘ಸಿ4’ ದಾರಿ. ಸುಡು ಬಿಸಿಲಿನಲ್ಲೂ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಪೋಲಾಗದಂತೆ ಹಿಡಿದು ಸಕ್ಕರೆ ಮಾಡುವ ದಾರಿ ಅದು.

ಈ ಸಕ್ಕರೆಯನ್ನು ಯೀಸ್ಟ್ ತಿಂದು ಎಥನಾಲ್ ಮಾಡುತ್ತದೆ. 180 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 92 ಗ್ರಾಂ ಎಥನಾಲ್ ಬರುತ್ತದೆ. ಉಳಿದ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್ ತೆಗೆಯಬಹುದು. ಆದರೆ ಒಂದು ಲೀಟರ್ ಎಥನಾಲ್ ಉರಿದರೆ ಬರುವ ಶಾಖ, ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ.

ಸಕ್ಕರೆಯಷ್ಟೇ ಅಲ್ಲ, ಕಬ್ಬಿನ ನಾರು ಕೂಡ ಇಂಧನವೇ. ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಹಬೆ, ವಿದ್ಯುತ್ ಮಾಡುತ್ತವೆ. ಅದಕ್ಕಾಗಿ ಕೊಯಮತ್ತೂರಿನ ಸಂಸ್ಥೆ ‘ಶಕ್ತಿ ಕಬ್ಬು’ ತಳಿಗಳನ್ನೂ ಬೆಳೆಸಿದೆ. ಇವುಗಳಲ್ಲಿ ಸಿಹಿ ಕಮ್ಮಿ, ನಾರು ಜಾಸ್ತಿ. ಹೇಗೆ ಮಾಡಿದರು? ಮತ್ತೆ ಅದೇ ಕಾಡು ಕಬ್ಬಿನ ಗುಣವನ್ನು ಹೆಚ್ಚು ಸೇರಿಸಿ!

ನೀರಿನ ಲೆಕ್ಕ

ಇಷ್ಟು ಕೇಳಿದರೆ “ಎಲ್ಲ ಕಡೆ ಕಬ್ಬೇ ಹಾಕೋಣ” ಅನ್ನಿಸಬಹುದು. ನಿಲ್ಲಿ. ಕಬ್ಬು ನೆಟ್ಟು ಕಡಿಯುವ ಹೊತ್ತಿಗೆ ಅದಕ್ಕೆ 1,500ರಿಂದ 2,500 ಮಿ.ಮೀ. ನೀರು ಬೇಕು. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಕೊಯಮತ್ತೂರು ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 600–700 ಮಿ.ಮೀ. ಉಳಿದ ನೀರು ಕಾಲುವೆಯಿಂದಲೋ ಬೋರ್‌ವೆಲ್‌ನಿಂದಲೋ ಬರಬೇಕು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಸಿಗಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿ ಹೇಳುತ್ತದೆ. ಮೂರು ಟ್ಯಾಂಕರ್ ನೀರಿಗೆ ಹೆಚ್ಚುಕಡಿಮೆ ಐದು ಲೀಟರ್ ಎಥನಾಲ್ ಎಂದಿಟ್ಟುಕೊಳ್ಳಿ. ಕಾವೇರಿ ನೀರಿಗಾಗಿ ಎರಡು ರಾಜ್ಯಗಳು ಕೋರ್ಟಿಗೆ ಹೋದ ಪ್ರದೇಶ ನಮ್ಮದು. ಈ ಲೆಕ್ಕ ಮರೆಯುವಂತಿಲ್ಲ.

ಪಾಚಿ ಏನಾದರೂ ದಾರಿ ತೋರಿಸೀತೇ?

ಹೊಲ ಬೇಡ, ಸಿಹಿನೀರೇ ಬೇಕೆಂಬ ಹಟವೂ ಇಲ್ಲ – ಅಂಥ ಗಿಡ ಇದ್ದರೆ? ಹಾಗೆ ಹುಡುಕಿದಾಗ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಸೂಕ್ಷ್ಮ ಪಾಚಿ. ಕೆರೆಯ ನೀರನ್ನು ಹಸಿರು ಮಾಡುವುದು ಇದೇ. ಕ್ಲೋರೆಲ್ಲಾದಂಥ ಪಾಚಿ ಒಂದೇ ಜೀವಕೋಶದ್ದು. ಬೇರಿಲ್ಲ, ಕಾಂಡವಿಲ್ಲ. ಅನುಕೂಲ ಇದ್ದರೆ ಒಂದು ದಿನದಲ್ಲೇ ಇಮ್ಮಡಿಯಾಗುತ್ತದೆ. ಕೆಲವು ಪಾಚಿಗಳು ಸಕ್ಕರೆಯ ಬದಲು ಎಣ್ಣೆಯನ್ನೇ ಕೂಡಿಡುತ್ತವೆ. ಅದರಿಂದ ಡೀಸೆಲ್ ಮಾಡಬಹುದು.

ತಳಿವಿಜ್ಞಾನಿಗೂ ಪಾಚಿ ಅಚ್ಚುಮೆಚ್ಚು. ಕಬ್ಬಿನಲ್ಲಿ ನೂರಕ್ಕೂ ಹೆಚ್ಚು ವರ್ಣತಂತು, ಒಂದೇ ಜೀನಿಗೆ ಹಲವು ಪ್ರತಿ. ಅದರ ಜೀನೋಮಿನ ಗೋಜಲನ್ನು ಒಂದು ತಳಿಯಲ್ಲಿ ವಿವರವಾಗಿ ಬಿಡಿಸಲು 2024ರವರೆಗೂ ಕಾಯಬೇಕಾಯಿತು. ಕ್ಲಮೈಡೊಮೊನಾಸ್ ಎಂಬ ಪಾಚಿಯಲ್ಲಿ ಇರುವುದು 17 ವರ್ಣತಂತು, ಪ್ರತಿಯೊಂದೂ ಒಂಟಿ. ಅದರ ಜೀನೋಮ್ 2007ರಲ್ಲೇ ಪ್ರಕಟವಾಯಿತು. ಒಂಟಿಯಾದ್ದರಿಂದ ಒಂದು ಜೀನ್ ಬದಲಾದರೂ ಪರಿಣಾಮ ಮುಚ್ಚಿಹೋಗುವುದಿಲ್ಲ.

ಹಾಗಾದರೆ ಪಾಚಿಯ ಡೀಸೆಲ್ ಯಾಕೆ ಬಂಕಿಗೆ ಬಂದಿಲ್ಲ? ಎರಡು ಕಾರಣ.

ಒಂದು, ಪಾಚಿಗೆ ಸಾರಜನಕ ಕಡಿಮೆ ಮಾಡಿದರೆ ಅದು ಎಣ್ಣೆ ಕೂಡಿಡುತ್ತದೆ, ಆದರೆ ಬೆಳವಣಿಗೆ ನಿಲ್ಲಿಸುತ್ತದೆ. ಬೆಳೆದರೆ ಎಣ್ಣೆ ಇಲ್ಲ, ಎಣ್ಣೆ ಬಂದರೆ ಬೆಳವಣಿಗೆ ಇಲ್ಲ! 2017ರಲ್ಲಿ ಅಮೆರಿಕದ ಸಂಶೋಧಕರು ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿಯಲ್ಲಿ ಒಂದು ನಿಯಂತ್ರಕ ಜೀನಿನ ಕೆಲಸ ತಗ್ಗಿಸಿ, ಬೆಳವಣಿಗೆ ಹೆಚ್ಚು ಕುಗ್ಗದಂತೆ ಎಣ್ಣೆಯನ್ನು ಸುಮಾರು ಇಮ್ಮಡಿ ಮಾಡಿ ತೋರಿಸಿದರು.

ಎರಡನೆಯದು ಕೊಯ್ಲು. ಲೆಕ್ಕ ಹಾಕೋಣ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 900 ಗ್ರಾಂ. ಒಣ ಪಾಚಿಯ ಕಾಲುಭಾಗ ಎಣ್ಣೆ ಎಂದುಕೊಂಡರೆ 3,600 ಗ್ರಾಂ ಪಾಚಿ ಬೇಕು. ಬಯಲು ಕೊಳದಲ್ಲಿ ಲೀಟರಿಗೆ ಅರ್ಧ ಗ್ರಾಂ ಪಾಚಿ ಇದ್ದರೆ? 7,200 ಲೀಟರ್ ನೀರನ್ನು ಸೋಸಬೇಕು! ಅದಕ್ಕೆ ಬೇಕಾದ ವಿದ್ಯುತ್, ಯಂತ್ರ, ಹಣ ಎಲ್ಲಿಂದ? ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದಕ್ಕಾಗಿ ದೊಡ್ಡ ಯೋಜನೆ ನಡೆಸಿ ದುಬಾರಿ ಎಂದು ನಿಲ್ಲಿಸಿತು. 2017ರ ಆ ಸಂಶೋಧನೆಗೆ ಹಣ ಕೊಟ್ಟ ಎಕ್ಸಾನ್‌ಮೊಬಿಲ್ ಕಂಪನಿಯೂ 2023ರ ಹೊತ್ತಿಗೆ ಹಿಂದೆ ಸರಿಯಿತು.

ತಿರುಪ್ಪೂರಿನ ನೀರಿನಲ್ಲಿ ಬೆಳೆಸಿದರೆ?

ಕೊಯಮತ್ತೂರಿನ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ನದಿ ತಿರುಪ್ಪೂರು ದಾಟಿ ಕಾವೇರಿ ಸೇರುತ್ತದೆ. ತಿರುಪ್ಪೂರು ಬನಿಯನ್, ಟೀ ಶರ್ಟ್‌ಗಳ ಊರು. ಬಟ್ಟೆಗೆ ಬಣ್ಣ ಹಾಕಿದ ನೀರು ವರ್ಷಗಟ್ಟಲೆ ಈ ನದಿಗೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ರೈತರೇ ಆ ನೀರು ಬೇಡ ಅಂದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಆಮೇಲೆ ಹನಿ ನೀರನ್ನೂ ಹೊರಬಿಡದೆ ಶುದ್ಧಮಾಡಿ ಮರುಬಳಸುವ ಪದ್ಧತಿ ಬಂತು.

“ಅಂಥ ನೀರಲ್ಲೇ ಪಾಚಿ ಬೆಳೆಸಬಹುದಲ್ವಾ ಸಾರ್?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಪಾಚಿ ಸಾರಜನಕ, ರಂಜಕಗಳನ್ನು ಹೀರುತ್ತದೆ, ಸ್ವಲ್ಪ ಬಣ್ಣವನ್ನೂ ಹಿಡಿಯುತ್ತದೆ. ಆದರೆ ಕಡು ಬಣ್ಣದ ನೀರಿನೊಳಗೆ ಬೆಳಕು ಇಳಿಯುವುದಿಲ್ಲ. ಬಣ್ಣ ಹಿಡಿಯಲು ಹಾಕುವ ಉಪ್ಪನ್ನು ಪಾಚಿ ತೆಗೆಯುವುದೂ ಇಲ್ಲ. ಮನೆ, ಹಾಸ್ಟೆಲುಗಳ ಕೊಳಚೆ ನೀರು ಪಾಚಿಗೆ ಇದಕ್ಕಿಂತ ಒಳ್ಳೆಯ ಊಟ. ನೀರೂ ಶುದ್ಧ, ಪಾಚಿಯೂ ಸಿಕ್ಕಿತು ಎಂದಾದರೆ ಮಾತ್ರ ಖರ್ಚು ಗಿಟ್ಟೀತು.

ಮಾಡಿ ನೋಡಿ

ಮೂರು ಪಾರದರ್ಶಕ ಬಾಟಲಿಗಳಿಗೆ ಕೆರೆಯ ಹಸಿರು ನೀರನ್ನು ಸಮವಾಗಿ, ತಲಾ ಒಂದು ಲೀಟರ್ ತುಂಬಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಸಾರಜನಕ, ರಂಜಕ ಇರುವ ಗೊಬ್ಬರ ಒಂದು ಚಿಟಿಕೆ. ಮೂರನೆಯದಕ್ಕೆ ಅಷ್ಟೇ ಗೊಬ್ಬರ ಮತ್ತು ಎರಡು ಟೀ ಚಮಚ ಉಪ್ಪು. ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ಬಟ್ಟೆ ಕಟ್ಟಿ ಬೆಳಕಿರುವ ಕಿಟಕಿಯಲ್ಲಿಡಿ. ದಿನಕ್ಕೊಮ್ಮೆ ಅಲ್ಲಾಡಿಸಿ, ಹತ್ತು ದಿನ ಬಣ್ಣ ಬರೆದಿಡಿ. ಕೊನೆಗೆ ಹೆಚ್ಚು ಹಸಿರಾದ ನೀರನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಹಸಿರು ಬಟ್ಟೆಯಲ್ಲಿ ಉಳಿಯಿತೇ, ಕೆಳಗೆ ಇಳಿಯಿತೇ? ಕೊಯ್ಲು ಯಾಕೆ ಕಷ್ಟ ಅಂತ ಆಗ ನಿಮಗೇ ತಿಳಿಯುತ್ತದೆ. ಆ ನೀರು ಕುಡಿಯಬೇಡಿ, ಕೈ ತೊಳೆಯುವುದು ಮರೆಯಬೇಡಿ.

ಗಿಡದಿಂದ ಇಂಧನ ಬೇಕೆಂದರೆ ಎರಡು ಪ್ರಶ್ನೆ ಕೇಳಲೇಬೇಕು: ಸರಿಯಾದ ಗುಣ ಯಾವ ಜೀವಿಯಲ್ಲಿದೆ? ಅದಕ್ಕೆ ನೀರು ಎಲ್ಲಿಂದ? ಮೊದಲನೆಯ ಪ್ರಶ್ನೆಗೆ ಬಾರ್ಬರ್, ವೆಂಕಟರಾಮನ್ ಉತ್ತರ ಹುಡುಕಿದ್ದು ಯಾರೂ ಲೆಕ್ಕಕ್ಕಿಡದ ಹುಲ್ಲಿನಲ್ಲಿ. ಕಾಲಿಟ್ಟರೆ ಜಾರುತ್ತದೆ ಎಂದು ನಾವು ಬೈಯುವ ಪಾಚಿಯಲ್ಲೂ ಅಂಥದ್ದೊಂದು ಉತ್ತರ ಇದ್ದೀತು. ಎರಡನೆಯ ಪ್ರಶ್ನೆಗೆ ಮಾತ್ರ ಇನ್ನೂ ಒಳ್ಳೆಯ ಉತ್ತರ ಸಿಕ್ಕಿಲ್ಲ. ನಿಮ್ಮ ಪ್ರಯೋಗದ ಫಲಿತಾಂಶ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ಕೊಡಿ. ಚರ್ಚೆ ಅಲ್ಲಿಂದ ಮುಂದುವರಿಯಲಿ.