ಉಗ್ರಾಣದ ರಸೀತಿ

ಕೊಬ್ಬರಿ ಎಣ್ಣೆಯ ವ್ಯಾಪಾರಕ್ಕೂ ಇಂದಿನ ಷೇರುಪೇಟೆಯಲ್ಲಿ ಇಟಿಎಫ್ ಎಂಬ ಹೆಸರಿನಿಂದ ನಡೆಯುವ ನಿಧಿಗಳಿಗೂ ನಂಟುಂಟೆಂದರೆ ತಿಪಟೂರಿನ ಮಂಡಿಯ ವರ್ತಕರು ಸಹ ಮೊದಲು ಸಂದೇಹಪಟ್ಟಾರು. ಆದರೆ ನಂಟಿರುವುದು ನಿಜ. ಅಮೆರಿಕದ ನೇಥನ್ ಮೋಸ್ಟ್ ಎಂಬಾತನು ಸರಕುಪೇಟೆಯಲ್ಲಿ ಪಳಗಿದವನು. ಎಣ್ಣೆಯು ಉಗ್ರಾಣದಲ್ಲಿ ನಿಂತಲ್ಲಿಯೇ ನಿಂತಿರಲು, ಅದರ ರಸೀತಿ ಮಾತ್ರ ಕೈಯಿಂದ ಕೈಗೆ ದಾಟುತ್ತ ಮಾರಾಟಕ್ಕೂ ಸಾಲಕ್ಕೂ ಒದಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಆತನು, ಮುಂದೆ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿದ್ದಾಗ, ಎಣ್ಣೆಯ ಸ್ಥಾನದಲ್ಲಿ ಐನೂರು ಕಂಪನಿಗಳ ಷೇರುಗಳನ್ನಿರಿಸಿ ಅವುಗಳ ಮೇಲೆ ರಸೀತಿ ಬರೆದರೇನೆಂದು ಯೋಚಿಸಿದನು. ಆ ಯೋಚನೆಯೇ 1993ರ ಜನವರಿಯಲ್ಲಿ, ಎಸ್ ಅಂಡ್ ಪಿ 500 ಸೂಚ್ಯಂಕವನ್ನು ಅನುಸರಿಸುವ ‘ಸ್ಪೈಡರ್’ ನಿಧಿಯಾಗಿ ಪೇಟೆಗೆ ಬಂದಿತು. ನಮ್ಮ ದೇಶದ ಮೊದಲನೆಯ ಇಟಿಎಫ್ ಆದ ‘ನಿಫ್ಟಿ ಬೀಸ್’ ಹೊರಟದ್ದು 2001ರ ಡಿಸೆಂಬರಿನಲ್ಲಿ.

ರಸೀತಿಯ ಬೆಲೆಯನ್ನು ತಿಳಿಯಬೇಕಾದವನು ಉಗ್ರಾಣದಲ್ಲಿ ಏನಿದೆಯೆಂಬುದನ್ನು ಮೊದಲು ತಿಳಿಯತಕ್ಕದ್ದು. ಅದನ್ನು ನಿರ್ಣಯಿಸುವುದು ಸೂಚ್ಯಂಕ. 1978-79ನ್ನು ಆಧಾರವರ್ಷವಾಗಿಟ್ಟು ನೂರರಿಂದ ಎಣಿಕೆಯಾರಂಭಿಸಿದ ಸೆನ್ಸೆಕ್ಸಿನಲ್ಲಿ 30 ಕಂಪನಿಗಳು. 1995ರ ನವೆಂಬರ್ 3ನ್ನು ಆಧಾರದಿನವಾಗಿಟ್ಟು ಸಾವಿರದಿಂದ ಹೊರಟ ನಿಫ್ಟಿಯಲ್ಲಿ 50. ಈ ಕಂಪನಿಗಳಿಗೆಲ್ಲ ಸಮಪಾಲೆಂದು ಅನೇಕರು ಭಾವಿಸುವುದುಂಟು, ಅದು ತಪ್ಪು. ಒಂದು ಕಂಪನಿಯ ನೂರು ಕೋಟಿ ಷೇರುಗಳಿವೆ, ಒಂದೊಂದರ ಬೆಲೆ 200 ರೂಪಾಯಿ ಎಂದಿಟ್ಟುಕೊಂಡರೆ ಅದರ ಒಟ್ಟು ಮೌಲ್ಯ 20,000 ಕೋಟಿ. ಆದರೆ ಅದರಲ್ಲಿ ನೂರಕ್ಕೆ ಅರವತ್ತು ಪಾಲು ಪ್ರವರ್ತಕರ ವಶದಲ್ಲಿದ್ದು ಪೇಟೆಗೆ ಬಾರದಿರುವುದಾದರೆ, ಸೂಚ್ಯಂಕವು ಗಣನೆಗೆ ತೆಗೆದುಕೊಳ್ಳುವುದು ಉಳಿದ 8,000 ಕೋಟಿಯನ್ನು ಮಾತ್ರ. ಇಂಥ ಮೌಲ್ಯಗಳ ಪ್ರಮಾಣಕ್ಕೆ ತಕ್ಕಂತೆ ತೂಕ ಹಂಚಿಕೆಯಾಗುವ ಕಾರಣ, ನಿಫ್ಟಿಯ ಮೇಲೆ ಹೂಡಿದ ಸಾವಿರ ರೂಪಾಯಿಯಲ್ಲಿ ಅರ್ಧಕ್ಕೂ ಮಿಕ್ಕಿದ ಭಾಗ ಮೊದಲ ಹತ್ತು ಕಂಪನಿಗಳಿಗೇ ಸಲ್ಲುತ್ತದೆ. ಐವತ್ತರಲ್ಲಿ ಹಂಚಿದೆನೆಂದು ನಿಶ್ಚಿಂತನಾಗಿರುವವನು ವಾಸ್ತವವಾಗಿ ನಾಲ್ಕಾರು ದೊಡ್ಡ ಬ್ಯಾಂಕುಗಳನ್ನೂ, ತೈಲೋದ್ಯಮದ ಒಂದು ಮಹಾಸಂಸ್ಥೆಯನ್ನೂ, ನಮ್ಮ ಬೆಂಗಳೂರಿನ ಇನ್ಫೋಸಿಸ್‌ನಂಥ ಕೆಲವನ್ನೂ ಬಲವಾಗಿ ನೆಚ್ಚಿಕೊಂಡಿರುತ್ತಾನೆ.

ಸೂಚ್ಯಂಕವು ಭವಿಷ್ಯವನ್ನು ಕಾಣಬಲ್ಲದೆಂದೂ ತಿಳಿಯಬಾರದು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರು ಲೆಕ್ಕಪತ್ರಗಳು ಸುಳ್ಳೆಂದು ತಾವೇ ಒಪ್ಪಿಕೊಂಡಾಗ, ಆ ಷೇರಿನ ಬೆಲೆ ಒಂದೇ ದಿನದಲ್ಲಿ ಮುಕ್ಕಾಲು ಪಾಲು ಕರಗಿಹೋಯಿತು; ನಿಫ್ಟಿಯಿಂದ ಅದನ್ನು ಹೊರಹಾಕಿದ್ದು ಅನಂತರ. ನಷ್ಟ ಒಳಗೇ ಸಂಭವಿಸಿತು, ನಿಧಿಯವರು ಅದನ್ನು ತಪ್ಪಿಸುವಂತಿರಲಿಲ್ಲ. ಆದರೆ ಸತ್ಯಂ ಒಂದನ್ನೇ ನಂಬಿದ್ದವನಿಗೆ ಹೋದದ್ದು ಮನೆಯ ಗಂಟು. ಇಡೀ ನಿಫ್ಟಿಯನ್ನು ಹಿಡಿದಿದ್ದವನಿಗೆ ಹೋದದ್ದು ಆ ಕಂಪನಿಗಿದ್ದ ತೂಕದಷ್ಟು.

ಇನ್ನು ಈ ಏರ್ಪಾಡಿನ ಜೀವಾಳಕ್ಕೆ ಬರೋಣ. ಡಿಮ್ಯಾಟ್ ಖಾತೆಯ ಮೂಲಕ ನೀವು ಇಟಿಎಫ್‌ನ ರಸೀತಿಯಾದ ಒಂದು ಯೂನಿಟ್ಟನ್ನು ಕೊಂಡಾಗ ನಿಮ್ಮ ಹಣ ಸಾಮಾನ್ಯವಾಗಿ ನಿಧಿಗೆ ಹೋಗುವುದಿಲ್ಲ. ಆ ಯೂನಿಟ್ಟನ್ನು ಮಾರಿದ ಬೇರೊಬ್ಬರಿಗೆ ಹೋಗುತ್ತದೆ. ಹಾಗಿದ್ದಮೇಲೆ ಪೇಟೆಯ ಬೆಲೆಯು ಒಳಗಿನ ಷೇರುಗಳ ಮೌಲ್ಯವನ್ನು ಬಿಟ್ಟು ಅಲೆಯದಂತೆ ತಡೆಯುವುದಾವುದು? ಒಳಮೌಲ್ಯ 250 ರೂಪಾಯಿಯಾಗಿರುವ ಯೂನಿಟ್ಟು ಪೇಟೆಯಲ್ಲಿ 252ಕ್ಕೆ ಬಿಕರಿಯಾಗುತ್ತಿದೆಯೆನ್ನಿ. ಮಾರ್ಕೆಟ್ ಮೇಕರ್ ಎನಿಸಿಕೊಂಡ ದೊಡ್ಡ ವ್ಯಾಪಾರಿಯು ತತ್‌ಕ್ಷಣ ಐವತ್ತು ಕಂಪನಿಗಳ ಷೇರುಗಳನ್ನೂ ತಕ್ಕ ಪ್ರಮಾಣದಲ್ಲಿ ಕೊಂಡು, ಆ ಬುಟ್ಟಿಯನ್ನು ನಿಧಿಗೊಪ್ಪಿಸಿ, ಬದಲಿಗೆ ಸಾವಿರಾರು ಹೊಸ ಯೂನಿಟ್ಟುಗಳನ್ನು ಪಡೆದು, ಪೇಟೆಯಲ್ಲಿ ಮಾರಿ, ನಡುವಿನ ಎರಡು ರೂಪಾಯಿಯಲ್ಲಿ ತನ್ನ ಖರ್ಚು ಕಳೆದು ಉಳಿದುದನ್ನು ಲಾಭವಾಗಿ ಪಡೆಯುತ್ತಾನೆ. ಅವನ ಮಾರಾಟದ ಒತ್ತಡದಿಂದಲೇ ಬೆಲೆ ಕೆಳಗಿಳಿಯುತ್ತದೆ. ಬೆಲೆ 248ಕ್ಕೆ ಕುಸಿದರೆ ಕ್ರಮ ತಿರುವುಮುರುವು: ಯೂನಿಟ್ಟನ್ನು ಅಗ್ಗವಾಗಿ ಕೊಂಡು, ಉಗ್ರಾಣಕ್ಕೆ ಹಿಂದಿರುಗಿಸಿ, ಷೇರುಗಳನ್ನು ಬಿಡಿಸಿಕೊಳ್ಳುತ್ತಾನೆ. ಉಗ್ರಾಣದ ಬಾಗಿಲು ಒಳಕ್ಕೂ ಹೊರಕ್ಕೂ ತೆರೆದಿರುವವರೆಗೆ ಮಾತ್ರ ರಸೀತಿ ಸತ್ಯವನ್ನು ನುಡಿಯುತ್ತದೆ.

ಬಾಗಿಲು ಮುಚ್ಚಿದಾಗ ಏನಾಗುವುದೆಂಬುದನ್ನೂ ನಾವು ಕಂಡಿದ್ದೇವೆ. ಭಾರತದ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ವಿದೇಶಿ ಷೇರುಗಳಲ್ಲಿ ಹೂಡಬಹುದಾದ ಮೊತ್ತಕ್ಕೆ 700 ಕೋಟಿ ಡಾಲರಿನ ಮಿತಿಯಿದ್ದು, 2022ರ ಆರಂಭದಲ್ಲಿ ಆ ಮಿತಿ ಸಮೀಪಿಸಿದಾಗ ಹೊಸ ಹೂಡಿಕೆಯನ್ನು ನಿಲ್ಲಿಸಬೇಕಾಯಿತು. ಅಮೆರಿಕದ ನಾಸ್‌ಡ್ಯಾಕ್ 100ನ್ನು ಅನುಸರಿಸುವ ನಮ್ಮ ಇಟಿಎಫ್‌ಗಳಿಗೆ ಹೊಸ ಯೂನಿಟ್ಟುಗಳನ್ನು ಸೃಷ್ಟಿಸುವ ದಾರಿ ಕಟ್ಟಿಹೋಯಿತು. ಕೊಳ್ಳುವವರ ಉತ್ಸಾಹ ಮಾತ್ರ ಕಟ್ಟಿಹೋಗಲಿಲ್ಲ. ಇದ್ದಷ್ಟೇ ಯೂನಿಟ್ಟುಗಳಿಗೆ ಪೈಪೋಟಿ ನಡೆದು, ಬೆಲೆಯು ಒಳಮೌಲ್ಯಕ್ಕಿಂತ ಎಷ್ಟೋ ಮೇಲಕ್ಕೇರಿದ ಸಂದರ್ಭಗಳು ಒದಗಿದವು. ಹಾಗೆ ನೂರರ ವಸ್ತುವನ್ನು ನೂರಹತ್ತಕ್ಕೆ ಕೊಂಡವನಿಗೆ, ಅಂತರ ಇಳಿದ ದಿನ, ಅಮೆರಿಕದ ಸೂಚ್ಯಂಕ ಒಂದಂಶವೂ ಜಾರದೆಯೇ ನಷ್ಟ ತಟ್ಟುತ್ತದೆ. ಆದುದರಿಂದ ಯಾವ ಇಟಿಎಫ್ ಆದರೂ ಸರಿ, ಪೇಟೆಯ ಬೆಲೆಯ ಪಕ್ಕದಲ್ಲಿ ‘ಐ-ಎನ್‌ಎವಿ’ ಎಂಬ ಅಂದಾಜು ಒಳಮೌಲ್ಯವನ್ನಿಟ್ಟು ನೋಡಿ, ತಾನು ಕೊಡಲೊಪ್ಪುವ ಬೆಲೆಯನ್ನು ತಾನೇ ನಮೂದಿಸಿ ಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಹಿವಾಟು ತೆಳುವಾಗಿರುವ ನಿಧಿಗಳಲ್ಲಂತೂ ಇದು ಅನಿವಾರ್ಯ.

ನಿರ್ವಹಣೆಯ ವೆಚ್ಚ ಅಲ್ಪವೆಂಬ ಕೀರ್ತಿ ಇಟಿಎಫ್‌ಗಳಿಗೆ ನ್ಯಾಯವಾಗಿಯೇ ಸಂದಿದೆ. ಆದರೂ ದಲ್ಲಾಳಿಯ ಶುಲ್ಕ ಪ್ರತ್ಯೇಕ, ಮತ್ತು ವೆಚ್ಚದ ದೆಸೆಯಿಂದ ನಿಧಿಯ ಗಳಿಕೆ ಸೂಚ್ಯಂಕಕ್ಕಿಂತ ಕೂದಲೆಳೆಯಷ್ಟಾದರೂ ಹಿಂದುಳಿಯುವುದು ಸಹಜ.

ಷೇರುಪೇಟೆಯ ಗೊಡವೆ ತಮಗಿಲ್ಲವೆನ್ನುವವರೂ ಈ ಉಗ್ರಾಣದಲ್ಲಿ ಪಾಲು ಪಡೆದಿದ್ದಾರೆ. ಕಾರ್ಮಿಕರ ಭವಿಷ್ಯನಿಧಿ ಸಂಸ್ಥೆಯು 2015ರ ಆಗಸ್ಟಿನಿಂದ ತನಗೆ ಹೊಸದಾಗಿ ಬರುವ ಹಣದಲ್ಲಿ ನೂರಕ್ಕೆ ಐದರಷ್ಟನ್ನು, ಎರಡು ವರ್ಷಗಳಲ್ಲಿ ನೂರಕ್ಕೆ ಹದಿನೈದರವರೆಗೆ, ಇಟಿಎಫ್‌ಗಳಲ್ಲಿ ಹೂಡುತ್ತ ಬಂದಿದೆ. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳ ಸಂಬಳದಿಂದ ಪ್ರತಿ ತಿಂಗಳೂ ಮುರಿದುಕೊಳ್ಳುವ ಪಿಎಫ್ ಹಣದ ಒಂದು ಪಾಲು ಹೀಗೆ ಸೆನ್ಸೆಕ್ಸು ನಿಫ್ಟಿಗಳ ಕಂಪನಿಗಳನ್ನು ಸೇರುತ್ತಿದೆ. ಆಕೆಯ ಪಾಸ್‌ಬುಕ್ಕಿನಲ್ಲಿ ಅದರ ಗಳಿಕೆಯಾಗಿ ಕಾಣುವುದು ವರ್ಷಕ್ಕೊಮ್ಮೆ ಬರೆಯುವ ಬಡ್ಡಿಯ ಸಾಲೊಂದೇ.