ಅಂತರಜಾಲ ಬೋಧನೆ ಮತ್ತು ವಿಶ್ವವಿದ್ಯಾನಿಲಯದ ಸಾರ್ವಜನಿಕತೆ

ವಿಶ್ವವಿದ್ಯಾನಿಲಯದ ಬೋಧನೆಯು ತರಗತಿಯ ಗೋಡೆಗಳನ್ನು ದಾಟುವುದು ಕರ್ನಾಟಕಕ್ಕೆ ಹೊಸ ಸಂಗತಿಯಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಶಿಕ್ಷಣವನ್ನು ಆರಂಭಿಸಿತು. ಆ ವ್ಯವಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ನೌಕರಿಯಲ್ಲಿದ್ದವರಿಗೆ, ಮದುವೆಯ ನಂತರ ಓದು ನಿಂತುಹೋಗಿದ್ದ ಹೆಣ್ಣುಮಕ್ಕಳಿಗೆ ಪದವಿಯ ದಾರಿ ತೆರೆಯಿತು. ಹೊರಗಿದ್ದವರನ್ನು ಒಳಗೆ ಕರೆಯುವುದೇ ದೂರಶಿಕ್ಷಣದ ಸಾಮಾಜಿಕ ಅರ್ಥವಾಗಿತ್ತು.

2004ರಲ್ಲಿ ಎಜುಸ್ಯಾಟ್ ಉಪಗ್ರಹ ಉಡಾವಣೆಗೊಂಡ ಅವಧಿಯಲ್ಲಿಯೂ ಈ ಗುಣ ಉಳಿದಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಉಪಗ್ರಹದ ಮೂಲಕ ಬಿತ್ತರಿಸಿದ ಪಾಠಗಳನ್ನು ವಿದ್ಯಾರ್ಥಿಗಳು ಕಾಲೇಜಿನಲ್ಲಿ ಒಟ್ಟಿಗೆ ಕುಳಿತು ನೋಡಿದರು. ಉಪಕರಣದ ಹೊಣೆ ಸಂಸ್ಥೆಗಳದಾಗಿತ್ತು.

2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ಕಾಲೇಜುಗಳು ಮುಚ್ಚಿದಾಗ ಈ ಕ್ರಮ ತಲೆಕೆಳಗಾಯಿತು. ಮೊಬೈಲ್, ಡೇಟಾ ಶುಲ್ಕ, ಕುಳಿತು ಕೇಳುವ ಜಾಗ ಎಲ್ಲವೂ ವಿದ್ಯಾರ್ಥಿಯ ಹೊಣೆಯಾದವು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಪ್ರಕಾರ ದೇಶದ ನಗರ ಕುಟುಂಬಗಳಲ್ಲಿ ಶೇ. 42ರಷ್ಟಕ್ಕೆ ಅಂತರಜಾಲ ಸೌಲಭ್ಯವಿದ್ದರೆ, ಗ್ರಾಮೀಣ ಕುಟುಂಬಗಳಲ್ಲಿ ಅದು ಸುಮಾರು ಶೇ. 15 ಮಾತ್ರ. ಪ್ರವೇಶ ಪಡೆದು ಒಳಗಿದ್ದವರಲ್ಲಿಯೇ ಅನೇಕರು ಹೀಗೆ ಹೊರಗುಳಿದರು.

ನಷ್ಟವು ಸಂಪರ್ಕಕ್ಕಷ್ಟೇ ಸೀಮಿತವಲ್ಲ. ಭಿನ್ನ ಜಾತಿ, ಊರು, ಭಾಷೆಗಳ ಯುವಜನರು ಸಮಾನರಾಗಿ ಒಂದೆಡೆ ಸೇರುವ ಕೆಲವೇ ಸ್ಥಳಗಳಲ್ಲಿ ವಿದ್ಯಾರ್ಥಿನಿಲಯವೂ ಗ್ರಂಥಾಲಯವೂ ಸೇರಿವೆ. ಶುಲ್ಕ ಅಥವಾ ವಿದ್ಯಾರ್ಥಿವೇತನದ ಬಗೆಗಿನ ಬೇಡಿಕೆ ರೂಪುಗೊಳ್ಳುವುದು ಆ ಒಡನಾಟದಲ್ಲಿ. ಪರದೆಯ ಮುಂದೆ ಒಬ್ಬಂಟಿಯಾದ ವಿದ್ಯಾರ್ಥಿಯ ಕುಂದುಕೊರತೆ ಖಾಸಗಿ ಸಂಕಟವಾಗಿಯೇ ಉಳಿಯುತ್ತದೆ. ಹುಡುಗಿಯರಿಗಂತೂ ಮನೆಯಲ್ಲಿರುವುದೆಂದರೆ ಅನೇಕ ವೇಳೆ ಮನೆಗೆಲಸಕ್ಕೆ ಮರಳುವುದೇ ಆಗಿತ್ತು.

ಅಧ್ಯಾಪಕರ ಸ್ಥಿತಿಯೂ ಬದಲಾಗುತ್ತದೆ. ಧ್ವನಿಮುದ್ರಿತ ಪಾಠವು ಅಧ್ಯಾಪಕನಿಲ್ಲದೆಯೂ ಮರುಬಳಕೆಯಾಗಬಲ್ಲದು. ಇಂಥ ಬೋಧನೆಯು ಅಧ್ಯಾಪಕರ ಶ್ರಮವನ್ನು ಸರಕಾಗಿಸುವುದೆಂದು ಇತಿಹಾಸಕಾರ ಡೇವಿಡ್ ನೋಬಲ್ 1990ರ ದಶಕದ ಕೊನೆಯಲ್ಲಿಯೇ ಎಚ್ಚರಿಸಿದ್ದರು. ಅತಿಥಿ ಉಪನ್ಯಾಸಕರನ್ನು ಅವಲಂಬಿಸಿರುವ ನಮ್ಮ ಕಾಲೇಜುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಆಡಿದ ಪ್ರತಿ ಮಾತೂ ದಾಖಲಾಗುವಲ್ಲಿ ಜಾತಿ, ಧರ್ಮ, ಪ್ರಭುತ್ವಗಳ ಬಗೆಗಿನ ಚರ್ಚೆ ಅಳುಕಿನಿಂದ ಕೂಡಿರುವುದೂ ಸಹಜ.

ಇದು ಮುಗಿದ ಅಧ್ಯಾಯವಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2021ರ ನಿಯಮಾವಳಿಯು ಒಂದು ಸೆಮಿಸ್ಟರ್‌ನ ಶೇ. 40ರವರೆಗಿನ ಕೋರ್ಸುಗಳನ್ನು 'ಸ್ವಯಂ' ವೇದಿಕೆಯಲ್ಲಿ ಓದಲು ಅವಕಾಶವಿತ್ತಿತು. ಅಂತರಜಾಲವು ತರಗತಿಗೆ ಪೂರಕವಾದಾಗ ವಿಶ್ವವಿದ್ಯಾನಿಲಯ ಹಿಗ್ಗುತ್ತದೆ. ತರಗತಿಯ ಸ್ಥಾನವನ್ನೇ ಆಕ್ರಮಿಸಿದಾಗ ಕುಗ್ಗುತ್ತದೆ. ಆದ್ದರಿಂದ ಅದರ ವೆಚ್ಚವನ್ನು ಯಾರು ಭರಿಸುತ್ತಾರೆ, ವಿದ್ಯಾರ್ಥಿಗಳು ಎಲ್ಲಿ ಒಂದುಗೂಡುತ್ತಾರೆ ಎಂಬ ಎರಡು ಪ್ರಶ್ನೆಗಳಿಂದಲೇ ಇಂಥ ಪ್ರತಿಯೊಂದು ಯೋಜನೆಯನ್ನು ಪರೀಕ್ಷಿಸಬೇಕಾಗುತ್ತದೆ.